ಹಳೇ ಯಾತ್ರೆಯ ಕಾಲುದಾರಿಗಳನ್ನು ಊರಿನವರಿಗಾಗಿ ಬೆಳೆಸಬೇಕೇ?

ಪರ: ದಾರಿಯಲ್ಲಿ ಜನ ಓಡಾಡಿದರೆ ಊರು ಉಳಿಯುತ್ತದೆ

ಸ್ಪೇನ್‌ನ ಗುಡ್ಡದ ಮೇಲೆ ಓ ಸೆಬ್ರೇರೊ ಅಂತ ಒಂದು ಪುಟ್ಟ ಊರಿದೆ. ಅಲ್ಲಿನ ಪಾದ್ರಿ ಎಲಿಯಾಸ್ ವಾಲಿನ್ಯಾ 1984ರಲ್ಲಿ ಕಾರಿನ ತುಂಬ ಹಳದಿ ಬಣ್ಣದ ಡಬ್ಬಿ ಹೇರಿಕೊಂಡು ಹೊರಟರು. ಮರ, ಬಂಡೆ, ಗೋಡೆ, ಎಲ್ಲೆಲ್ಲಿ ದಾರಿ ತಪ್ಪಬಹುದೋ ಅಲ್ಲೆಲ್ಲ ಒಂದೊಂದು ಬಾಣ ಬರೆದರು. ಸ್ಪೇನ್‌ನದೇ ಪುಣ್ಯನಗರ ಸಾಂತಿಯಾಗೊಗೆ ಕ್ರೈಸ್ತ ಯಾತ್ರಿಗಳು ನಡೆದುಹೋಗುವ ಆ ಸಾವಿರ ವರ್ಷದ ದಾರಿ, ಕಮಿನೊ, ಆಗ ಹೆಚ್ಚುಕಮ್ಮಿ ಮರೆತೇ ಹೋಗಿತ್ತು. 2023ರಲ್ಲಿ ಯಾತ್ರೆ ಮುಗಿಸಿ ಪ್ರಮಾಣಪತ್ರ ಪಡೆದವರು 4 ಲಕ್ಷ 40 ಸಾವಿರಕ್ಕೂ ಜಾಸ್ತಿ. ಶುರುವಾದದ್ದು ಒಂದು ಬ್ರಷ್ಷಿನಿಂದ.

ಅಭಿವೃದ್ಧಿ ಅಂದ ಕೂಡಲೇ ನಮಗೆ ಕಾಂಕ್ರೀಟು, ಜೆಸಿಬಿ ನೆನಪಾಗುತ್ತವೆ. ಇಲ್ಲಿ ಬೇಕಿರುವುದು ಅದಲ್ಲ. ದಾರಿಗೆ ಗುರುತು, ಕುಡಿಯಲು ನೀರು, ಶೌಚಾಲಯ, ರಾತ್ರಿ ಮಲಗಲು ಜಾಗ. ನಡೆಯುವವನು ದಿನಕ್ಕೆ ಹೋಗುವುದೇ 20, 25 ಕಿಲೋಮೀಟರ್. ಒಂದು ಊರಲ್ಲಿ ನೀರು ಕೇಳುತ್ತಾನೆ, ಮುಂದಿನ ಊರಲ್ಲಿ ಊಟ ಮಾಡುತ್ತಾನೆ, ಕತ್ತಲಾದ ಕಡೆ ಮಲಗುತ್ತಾನೆ. ಕಾರಿನಲ್ಲಿ ಬಂದವನ ದುಡ್ಡು ಒಂದೇ ದೊಡ್ಡ ಹೋಟೆಲಿಗೆ ಹೋದರೆ, ಇವನದು ಚೂರುಚೂರಾಗಿ ಹತ್ತು ಮನೆಗೆ ಹೋಗುತ್ತದೆ.

ನಾನು ನಡೆದದ್ದು ಸಾರಿಯಾ ಊರಿನಿಂದಾಚೆಗಿನ ಕೊನೆಯ ಭಾಗ, ನೂರು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಎರಡನೇ ದಿನವೇ ಬಲಗಾಲ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಮಳೆ ಬೇರೆ. ಒಂದು ಹಳ್ಳಿಯಲ್ಲಿ, ಕಲ್ಲಿನ ಮನೆಯ ಸೂರಿನ ಕೆಳಗೆ ಅಜ್ಜಿಯೊಬ್ಬರು ಮೇಜು ಹಾಕಿಕೊಂಡು ಕೂತಿದ್ದರು. ಮೇಜಿನ ಮೇಲೆ ಒಂದಿಷ್ಟು ಹಣ್ಣು, ಒಂದು ಮುದ್ರೆ, ಶಾಯಿಯ ಡಬ್ಬಿ. ಅಲ್ಲಿ ಯಾತ್ರಿಗಳು ದಿನಕ್ಕೆ ಎರಡು ಕಡೆ ತಮ್ಮ ಪುಸ್ತಕಕ್ಕೆ ಮುದ್ರೆ ಹಾಕಿಸಬೇಕು. ಅಜ್ಜಿ ನನ್ನ ಒದ್ದೆ ಪುಟವನ್ನು ಬಟ್ಟೆಯಿಂದ ಒತ್ತಿ ಒರೆಸಿದರು. ಮುದ್ರೆ ಒತ್ತಿದರು. ಶಾಯಿ ಹರಡದಿರಲಿ ಅಂತ ಮೆಲ್ಲಗೆ ಊದಿದರು. ಆಮೇಲೆ ನಾನು ಕುಂಟುವುದನ್ನು ನೋಡಿ, ಒಳಗೆ ಹೋಗಿ ಸೂಜಿ ದಾರ ತಂದರು. ಸೂಜಿಯನ್ನು ಬೆಂಕಿಗೆ ಹಿಡಿದು, ಬೊಬ್ಬೆಯ ಈ ಕಡೆಯಿಂದ ಆ ಕಡೆಗೆ ದಾರ ಎಳೆದು, ನೀರು ಇಳಿಯಲಿ ಅಂತ ತುದಿಗಳನ್ನು ಹಾಗೇ ಬಿಟ್ಟರು. ಅವರ ಮಾತು ನನಗೆ ತಿಳಿಯದು, ನನ್ನದು ಅವರಿಗೆ ತಿಳಿಯದು. ಹೊರಡುವಾಗ ಸಾಲುಮನೆಗಳ ಕಡೆ ಕೈ ತೋರಿಸಿದರು. ಏಳು ಮನೆ. ಐದಕ್ಕೆ ಬೀಗ. ಆ ದಾರಿಯಲ್ಲಿ ಯಾರೂ ನಡೆಯದಿದ್ದರೆ ಅಜ್ಜಿಯ ಬಾಗಿಲಿಗೂ ಬೀಗ ಬಿದ್ದಿರುತ್ತಿತ್ತು. ನನಗೆ ಅದರಲ್ಲಿ ಅನುಮಾನವೇ ಇಲ್ಲ.

ಜಪಾನ್‌ನ ಕುಮಾನೊ ಕೋಡೊ ಎಂಬ ಹಳೇ ಯಾತ್ರೆಯ ದಾರಿಗಳು 2004ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಎರಡು ವರ್ಷದಲ್ಲಿ ಆ ದಾರಿಗಳಿರುವ ತನಾಬೆ ಎಂಬ ಊರಿನ ಸ್ಥಳೀಯ ಪ್ರವಾಸೋದ್ಯಮ ಸಂಘಗಳೆಲ್ಲ ಕೂಡಿ ಒಂದೇ ಸಂಸ್ಥೆ ಕಟ್ಟಿದವು. ಬಸ್ಸುಗಟ್ಟಲೆ ಬಂದು ಇಳಿಯುವ ಗುಂಪಿಗಿಂತ, ನಿಧಾನವಾಗಿ ನಡೆದು ಉಳಿಯುವವರು ಬರಲಿ ಅಂತ ತೀರ್ಮಾನಿಸಿದವು. ಹಳ್ಳಿಯ ಚಿಕ್ಕ ತಂಗುಮನೆಗಳ ಬುಕಿಂಗ್ ಕೂಡ ಅದೇ ಸಂಸ್ಥೆಯ ಮೂಲಕ ಆಗುತ್ತದೆ. ಅಂದರೆ ಲಗಾಮು ಊರಿನವರ ಕೈಯಲ್ಲೇ ಇದೆ.

ಬಾಡಿಗೆ ಏರುತ್ತದೆ, ಗದ್ದಲ ಆಗುತ್ತದೆ ಅನ್ನುವವರಿದ್ದಾರೆ. ಅವರಿಗೆ ಹಳ್ಳಿ ಅಂದರೆ ಗೋಡೆಗೆ ತೂಗುಹಾಕಿದ ಪಟ, ಮುಟ್ಟಬಾರದು ಅಷ್ಟೆ. ಅಲ್ಲಿರುವವರಿಗೂ ಹೊಟ್ಟೆ ಇದೆ, ಅಲ್ವಾ? ಆ ಅಜ್ಜಿಯ ಮುಂದೆ ನಿಂತು ಗದ್ದಲದ ಮಾತು ಆಡಲಿ, ನೋಡೋಣ.

ವಿರೋಧ: ಗೇಟು ಮುಚ್ಚುವವರು ಯಾರು?

ನನ್ನ ಪಾಲಿಗೆ ವಿರೋಧ ಬಂದಿದೆ. ಹಳೇ ದಾರಿ ಮುಳ್ಳು ಬೆಳೆದು ಮುಚ್ಚಿಹೋಗಲಿ ಅಂತ ನಾನೂ ಹೇಳಲಾರೆ. "ಊರಿನವರಿಗಾಗಿ" ಅನ್ನುವ ಮಾತಿಗೆ ಮಾತ್ರ ನನ್ನ ತಕರಾರು.

ಕಮಿನೊವನ್ನೇ ತೆಗೆದುಕೊಳ್ಳಿ. ಪ್ರಮಾಣಪತ್ರಕ್ಕೆ ನೂರು ಕಿಲೋಮೀಟರ್ ನಡೆದರೆ ಸಾಕು. ಹಾಗಾಗಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಸಾರಿಯಾದಿಂದಲೇ ಶುರುಮಾಡುತ್ತಾರೆ. ಹಿಂದಿನ ಊರುಗಳಿಗೆ ಅವರಿಂದ ಏನೂ ಇಲ್ಲ. ಇತ್ತ ಸಾಂತಿಯಾಗೊದ ಹಳೇ ಪೇಟೆಯಲ್ಲಿ ವಾಸಕ್ಕೆ ಮನೆ ಸಿಗುವುದು ಕಷ್ಟವಾಗಿದೆ ಅಂತ ಅಲ್ಲಿನವರೇ ದೂರುತ್ತಿದ್ದಾರೆ. ಜಪಾನ್‌ನ ಶಿಕೊಕು ದ್ವೀಪದ 88 ದೇವಾಲಯಗಳ ದಾರಿ ಸುಮಾರು 1,200 ಕಿಲೋಮೀಟರ್. ಈಗ ಹೆಚ್ಚಿನವರು ಸುತ್ತುವುದು ಬಸ್ಸು, ಕಾರಿನಲ್ಲಿ. ಹಾಗಿದ್ದರೂ ನಡೆದು ಬಂದವರಿಗೆ ಊರಿನವರು ಬಿಟ್ಟಿಯಾಗಿ ಏನಾದರೂ ಕೊಡುವ ಪದ್ಧತಿ ಅಲ್ಲಿ ಉಳಿದಿದೆ. ಅದನ್ನು ಯಾವ ಯೋಜನೆಯೂ ಕೊಟ್ಟದ್ದಲ್ಲ.

ಇಂಥ ಒಂದು ದಾರಿಯ ಯೋಜನೆಯಲ್ಲಿ ನಾನೂ ಕೆಲಸ ಮಾಡಿದ್ದೆ. ಹಳೇ ಕಾಲುದಾರಿ ಒಬ್ಬ ರೈತ ಮಹಿಳೆಯ ಹೊಲದ ನಡುವೆ ಹಾದು ಹೋಗುತ್ತಿತ್ತು. ಎರಡು ಕಡೆ ಗೇಟು ಇಟ್ಟು, "ದಯವಿಟ್ಟು ಮುಚ್ಚಿ" ಅಂತ ಬರೆಸಿದೆವು. ಉದ್ಘಾಟನೆಯೂ ಆಯಿತು. ಆರು ತಿಂಗಳ ಮೇಲೆ ಹೋದಾಗ ಗೇಟಿನ ಚಿಲಕ ಮುರಿದಿತ್ತು. ಆಕೆ ಹಗ್ಗದಲ್ಲಿ ಕಟ್ಟಿದ್ದರು. ದಾರಿಹೋಕರು ಯಾರೋ ಹಗ್ಗ ಬಿಚ್ಚಿದವರು ಮತ್ತೆ ಕಟ್ಟಿರಲಿಲ್ಲ. ದನ ಹೊರಗೆ ಹೋಗಿ ಪಕ್ಕದವರ ಬೆಳೆ ಮೇಯ್ದಿದ್ದವು. "ನಷ್ಟ ನಾನೇ ಕಟ್ಟಿಕೊಟ್ಟೆ" ಅಂದರು. ದಾರಿ, ಗೇಟು ಮಾಡಿಸಲು ನಮಗೆ ದುಡ್ಡು ಸಿಕ್ಕಿತ್ತು. ದುರಸ್ತಿಗೆ ಅಂತ ಯೋಜನೆಯಲ್ಲಿ ಒಂದು ಕಾಸೂ ಇರಲಿಲ್ಲ.

ತನಾಬೆಯ ಥರ ಎಲ್ಲವೂ ಊರಿನವರ ಕೈಯಲ್ಲೇ ಇದ್ದರೆ ನನ್ನ ವಾದ ಅರ್ಧ ಬಿದ್ದುಹೋಗುತ್ತದೆ, ಒಪ್ಪುತ್ತೇನೆ. ನಮ್ಮ ಯೋಜನೆ ಹಾಗಿರಲಿಲ್ಲ. ಮುಂದಿನ ಸಲ ಚಿಲಕ ಮುರಿದರೆ ಯಾರಿಗೆ ಫೋನ್ ಮಾಡಲಿ ಅಂತ ಆಕೆ ಕೇಳಿದರು. ಅಲ್ಲಿ ನಿಂತಿದ್ದ ನಾವು ನಾಲ್ವರಲ್ಲಿ ಯಾರ ಹತ್ತಿರವೂ ಕೊಡಲು ಒಂದು ನಂಬರ್ ಇರಲಿಲ್ಲ.