ಕತ್ತರಿಗೆ ಸಿಕ್ಕ ‘ಆದ್ರ’

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗ, ಮಾನ್ವಿ ಕಡೆಯ ಒಂದು ಊರು ಅಂದುಕೊಳ್ಳಿ. ಗದ್ದೆ ಬದುವಿನ ಮೇಲೆ ನಿಂತ ಹೆಣ್ಣುಮಗಳ ಮುಂದೆ ಮೈಕ್ ಹಿಡಿದರೆ ಆಕೆ ಹೇಳೋದು ಇಷ್ಟು: “ಹೋದ ವರ್ಷಕ್ಕಿಂತ ಈ ವರ್ಷ ನೀರು ಚಲೋ ಬಂದಾವ್ರಿ, ಆದ್ರ ನೆಲ್ಲು ಹಾಲುಗಟ್ಟೋ ಹೊತ್ತಿಗೆ ಬಂದ್ ಮಾಡಿಬಿಟ್ರು, ಅರ್ಧಕ್ಕರ್ಧ ಜೊಳ್ಳಾತು.” ಆಳುವವರು ಮಾಡಿಸಿದ ಸಾಕ್ಷ್ಯಚಿತ್ರದಲ್ಲಿ ಈ ಮಾತು ‘ಬಂದಾವ್ರಿ’ಗೆ ಮುಗಿಯುತ್ತದೆ. ಎದುರು ಪಕ್ಷದವರ ಚಿತ್ರದಲ್ಲಿ ‘ನೆಲ್ಲು’ ಅನ್ನೋದರಿಂದ ಶುರುವಾಗುತ್ತದೆ. ಎರಡರಲ್ಲೂ ಆಕೆಯದೇ ಮುಖ, ಆಕೆಯದೇ ದನಿ. ಎರಡರಲ್ಲೂ ‘ಆದ್ರ’ ಇಲ್ಲ.

ಈ ಕತ್ತರಿ ಕೆಲಸ ಹೇಗೆ ನಡೆಯುತ್ತದೆ ಅಂತ ನೋಡುವವರಿಗೆ ಗೊತ್ತಿರಬೇಕು. ಮಾತನ್ನು ನಡುವೆ ಕತ್ತರಿಸಿ ಜೋಡಿಸಿದರೆ ಮುಖ ಪಟಕ್ಕನೆ ಜಿಗಿಯುತ್ತದೆ. ಅದನ್ನು ಮುಚ್ಚಲು ಎರಡು-ಮೂರು ಸೆಕೆಂಡಿನ ಬೇರೆ ಶಾಟ್ ಇಡುತ್ತಾರೆ: ಆಕೆಯ ಕೈ, ಕಾಲುವೆ ನೀರು, ಮೇಯುವ ಎಮ್ಮೆ. ದನಿ ಅದರ ಹಿಂದೆ ಓಡುತ್ತಿರುತ್ತದೆ. ಇನ್ನೊಂದು ತೊಡಕು ಕಿವಿಯದು. ‘ಬಂದಾವ್ರಿ’ ಅನ್ನುವಾಗ ಮಾತು ಮುಗಿದಿರುವುದಿಲ್ಲ, ದನಿ ಇನ್ನೂ ಮೇಲೆಯೇ ಇರುತ್ತದೆ. ಹಾಗೇ ಬಿಟ್ಟರೆ ಯಾರಿಗಾದರೂ ಗೊತ್ತಾಗುತ್ತದೆ. ಅದಕ್ಕೇ ಕೊನೆಯ ಐದಾರು ಫ್ರೇಮಿನಲ್ಲಿ ದನಿ ಇಳಿಸಿ, ಕೆಳಗೆ ಅದೇ ಗದ್ದೆಯ ಗಾಳಿ-ಹಕ್ಕಿ ಸದ್ದು ಹಾಸಿ, ಮೇಲೊಂದು ಕೊಳಲು ಬಿಡುತ್ತಾರೆ. ಸೆಕೆಂಡಿಗೆ 25 ಫ್ರೇಮ್ ಇದ್ದಾಗ ಐದು ಫ್ರೇಮ್ ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಅಷ್ಟರಲ್ಲಿ ಒಂದು ದೂರು ಹೊಗಳಿಕೆಯಾಗಿ ಬಿಟ್ಟಿರುತ್ತದೆ.

ಕೆಮ್ಮು, ತೊದಲು, ಹೇಳಿದ್ದನ್ನೇ ಹೇಳಿದ್ದು ತೆಗೆಯಲಿ, ಅದು ಎಡಿಟರ್ ಕೆಲಸವೇ. ‘ಆದ್ರ’ ತೆಗೆಯುವುದು ಆ ಕೆಲಸವಲ್ಲ.

ಪ್ರಶ್ನೆ ತೆಗೆಯುವುದು ಇದಕ್ಕಿಂತ ಸುಲಭ. “ನಾನು ಕೇಳಿದ್ದನ್ನೂ ಸೇರಿಸಿ ಹೇಳ್ರಿ” ಅಂತ ಮೊದಲೇ ಹೇಳಿಕೊಡುತ್ತಾರೆ. ‘ಈ ಯೋಜನೆಯಿಂದ ನಿಮಗೇನು ಲಾಭ ಆಯ್ತು?’ ಅಂತ ಕೇಳಿದವನ ದನಿ ಹೋಗುತ್ತದೆ, ‘ಈ ಯೋಜನೆಯಿಂದ ನಮಗ ಲಾಭ ಆತ್ರಿ’ ಅನ್ನುವ ಉತ್ತರ ಮಾತ್ರ ಉಳಿಯುತ್ತದೆ. ಯಾರೂ ಕೇಳದೆ ತಾನಾಗಿಯೇ ಹೇಳಿದ ಹಾಗೆ ಕಾಣುತ್ತದೆ.

ಇದು ಇವತ್ತಿನ ವಿದ್ಯೆಯಲ್ಲ. 1922ರಲ್ಲಿ ಅಮೆರಿಕದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಹಿಮನಾಡಿನ ಬೇಟೆಗಾರನ ಚಿತ್ರ ಮಾಡಿದಾಗ ಒಳಗೆ ಬೆಳಕು ಸಾಲದೆಂದು ಅರ್ಧ ಗೋಡೆಯೇ ಇಲ್ಲದ ಇಗ್ಲೂ (ಹಿಮದ ಮನೆ) ಕಟ್ಟಿಸಿದರು. ಬಂದೂಕು ಬಳಸುತ್ತಿದ್ದ ಜನರ ಕೈಗೆ ಈಟಿ ಕೊಟ್ಟರು. ಅಲ್ಲಿ ರಾಜಕೀಯ ಇರಲಿಲ್ಲ, ಆದರೆ ದಾರಿ ತೆರೆದಿತ್ತು. 1934ರ ನಾಜಿ ಪಕ್ಷದ ನ್ಯೂರೆಂಬರ್ಗ್ ಸಮಾವೇಶಕ್ಕೆ ಜರ್ಮನಿಯ ನಿರ್ದೇಶಕಿ ಲೆನಿ ರೀಫೆನ್‌ಸ್ಟಾಲ್ ಸುಮಾರು 30 ಕ್ಯಾಮೆರಾ, 170ರಷ್ಟು ಜನರ ತಂಡ ಕಟ್ಟಿಕೊಂಡು ಹೋದರು. ಧ್ವಜಸ್ತಂಭಕ್ಕೆ ಲಿಫ್ಟ್ ಕಟ್ಟಿ ಕ್ಯಾಮೆರಾ ಏರಿಸಿದರು. 60 ಗಂಟೆಗೂ ಹೆಚ್ಚು ಚಿತ್ರೀಕರಿಸಿ ಎರಡು ಗಂಟೆಯೊಳಗಿನ ಚಿತ್ರ ಮಾಡಿದರು. ಅದರಲ್ಲಿ ನಿರೂಪಕನ ದನಿಯೇ ಇಲ್ಲ. ಯಾರೋ ಬಂದು ‘ಹಿಟ್ಲರ್ ದೊಡ್ಡವನು’ ಅಂದಿದ್ದರೆ ವಾದಿಸಬಹುದಿತ್ತು, ಮೋಡ ಸೀಳಿ ಇಳಿಯುವ ಅವನ ವಿಮಾನದ ಜೊತೆ ಏನಂತ ವಾದಿಸುವುದು? ಮುಂದೆ 1942ರಿಂದ 45ರವರೆಗೆ ಅಮೆರಿಕದ ಸೈನ್ಯಕ್ಕಾಗಿ ಹಾಲಿವುಡ್ ನಿರ್ದೇಶಕ ಫ್ರಾಂಕ್ ಕಾಪ್ರಾ ಏಳು ಚಿತ್ರಗಳ ಸರಣಿ ಮಾಡಿದಾಗ ರೀಫೆನ್‌ಸ್ಟಾಲ್ ತೆಗೆದ ಶಾಟ್‌ಗಳನ್ನೇ ತೆಗೆದುಕೊಂಡು, ಮೇಲೆ ಬೇರೆ ಮಾತು ಹಾಕಿ ಹಿಟ್ಲರ್ ವಿರುದ್ಧ ತಿರುಗಿಸಿದರು. ನಮ್ಮಲ್ಲಿ 1948ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್ ಚಿತ್ರಗಳನ್ನು ಟಾಕೀಸಿನವರು ಸಿನಿಮಾಕ್ಕೆ ಮೊದಲು ತೋರಿಸಲೇಬೇಕಿತ್ತು. ಸರ್ಕಾರದ ಮಾತು ಅಂತ ಆಗ ಎಲ್ಲರಿಗೂ ಗೊತ್ತಿತ್ತು. ಈಗ ವಾಟ್ಸಾಪಿಗೆ ಬರುವ ಚಿತ್ರಕ್ಕೆ ಆ ಮುದ್ರೆಯೂ ಇರುವುದಿಲ್ಲ, ಅದೇ ಹೆಚ್ಚಿನ ಅಪಾಯ.

ನಮ್ಮ ಸೀಮೆಯಲ್ಲಿ ಇದು ಎಷ್ಟು ಸಲೀಸು ನೋಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಒತ್ತಡ ಇಳಿಸಲು 33 ಗೇಟುಗಳಿಂದಲೂ ನೀರು ಬಿಡಬೇಕಾಯಿತು. ರೈತರ ಬೆಳೆಗೆ ಬೇಕಿದ್ದ ನೀರು ಹೊಳೆಗೆ ಹೋದ ವಾರ ಅದು. ಆ ವಾರದ ಡ್ರೋನ್ ಶಾಟನ್ನು ಒಂದು ಶಹನಾಯಿ ಜೊತೆ ಇಟ್ಟರೆ ‘ತುಂಬಿ ತುಳುಕುವ ಸಮೃದ್ಧಿ’. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಹೂಳು ನೀರಿನಡಿ ಇರುತ್ತದೆ, ಡ್ರೋನಿಗೆ ಕಾಣುವುದಿಲ್ಲ.

ಸಂಡೂರಿನ ಗುಡ್ಡವೂ ಹಾಗೆಯೇ. ಆಗಸ್ಟ್-ಸೆಪ್ಟೆಂಬರಿನಲ್ಲಿ ಹೋದರೆ ಮಲೆನಾಡಿನ ಹಾಗೆ ಹಸಿರು. ಏಪ್ರಿಲ್‌ನಲ್ಲಿ ಹೋದರೆ ಅದಿರು ಲಾರಿಗಳ ಧೂಳು ಗಿಡದ ಎಲೆ ಮೇಲೆ ಕೂತಿರುತ್ತದೆ. ಗಣಿ ಪರವಾದವರು ಮೊದಲನೆಯ ತಿಂಗಳು ಆರಿಸುತ್ತಾರೆ, ವಿರುದ್ಧ ಇರುವವರು ಎರಡನೆಯದನ್ನು. ಅದೂ ಸಾಲದೆ ಕಲರ್ ತಿದ್ದುವಾಗ ಕೆಂಪು ಏರಿಸುತ್ತಾರೆ. ಸಂಡೂರಿನ ಮಣ್ಣು ತಾನೇ ಕೆಂಪು, ಏರಿಸಿದ್ದು ಗೊತ್ತಾಗಬೇಕೆಂದರೆ ಮನುಷ್ಯರ ಮುಖ, ಬಿಳಿ ಅಂಗಿ ನೋಡಿ: ಅವೂ ಕೆಂಪಾಗಿದ್ದರೆ ಕೈ ಆಡಿಸಿದ್ದಾರೆ. ಅಕ್ರಮ ಗಣಿಗಾರಿಕೆ ಬಗ್ಗೆ ಬಂದ 2011ರ ಲೋಕಾಯುಕ್ತ ವರದಿ ಇಟ್ಟುಕೊಂಡು ಗಟ್ಟಿಯಾಗಿ ಹೇಳಬಹುದಾದ ವಿಷಯಕ್ಕೆ ಈ ಬಣ್ಣ ಬೇಕಿಲ್ಲ. ನ್ಯಾಯದ ಪರ ಇರುವವರು ಬಣ್ಣ ಹಚ್ಚಿದಾಗ ಹೆಚ್ಚು ಬೇಜಾರಾಗುತ್ತದೆ.

ಜನಸಾಗರದ ಶಾಟ್ ಬಗ್ಗೆ ಒಂದೇ ಮಾತು. ಬಳ್ಳಾರಿಯ ಮುನ್ಸಿಪಲ್ ಮೈದಾನದಲ್ಲಿ ದೂರದ್ದನ್ನು ಹತ್ತಿರಕ್ಕೆ ಎಳೆಯುವ 200 ಎಂಎಂ ಲೆನ್ಸ್ ಹಾಕಿ ತಲೆ ಎತ್ತರದಿಂದ ತೆಗೆದರೆ ಮುಂದಿನ ಸಾಲು, ಹಿಂದಿನ ಸಾಲು ಅಂಟಿಕೊಂಡು ಅರ್ಧ ಖಾಲಿ ಮೈದಾನವೂ ತುಂಬಿದಂತೆ ಕಾಣುತ್ತದೆ. ಮೇಲಿಂದ ತೆಗೆದ ಅಗಲದ ಶಾಟ್ ಒಂದೂ ಇಲ್ಲದಿದ್ದರೆ ಅನುಮಾನಪಡಿ.

ಕಾನೂನು ಸ್ವಲ್ಪ ಇದೆ. ಪ್ರಜಾಪ್ರತಿನಿಧಿ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಮತದಾನ ಮುಗಿಯುವುದಕ್ಕೆ 48 ಗಂಟೆ ಮೊದಲಿನಿಂದ ಸಿನಿಮಾ, ಟಿವಿ ಮೂಲಕ ಚುನಾವಣಾ ವಿಷಯ ತೋರಿಸುವ ಹಾಗಿಲ್ಲ. ಟಿವಿ, ಸೋಷಿಯಲ್ ಮೀಡಿಯಾದ ರಾಜಕೀಯ ಜಾಹೀರಾತಿಗೆ ಚುನಾವಣಾ ಆಯೋಗದ ಎಂಸಿಎಂಸಿ (ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ) ಸಮಿತಿಯ ಮುಂಗಡ ಪ್ರಮಾಣಪತ್ರ ಬೇಕು. ಆದರೆ ‘ಇದು ಜಾಹೀರಾತಲ್ಲ, ಸಾಕ್ಷ್ಯಚಿತ್ರ’ ಅಂದುಬಿಟ್ಟರೆ ನುಸುಳಲು ಜಾಗ ಸಿಗುತ್ತದೆ. ಚುನಾವಣಾ ಕರಪತ್ರದ ಮೇಲೆ ಮುದ್ರಕ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು ಅಂತ ಅದೇ ಕಾಯ್ದೆಯ 127ಎ ಸೆಕ್ಷನ್ ಹೇಳುತ್ತದೆ. 20 ನಿಮಿಷದ ವಿಡಿಯೋಕ್ಕೂ ಅಷ್ಟೇ ಕಟ್ಟುನಿಟ್ಟು ಬೇಕು: ಹಣ ಕೊಟ್ಟವರ ಹೆಸರು ಶುರುವಿನ ಟೈಟಲ್ ಕಾರ್ಡಿನಲ್ಲೇ ಬರಲಿ, ಕೊನೆಯ ಓಡುವ ಅಕ್ಷರಗಳಲ್ಲಿ ಅಲ್ಲ.

ನೋಡುವವರು ಒಂದು ಸಲ ಸದ್ದು ಬಂದ್ ಮಾಡಿ ನೋಡಿ, ಇನ್ನೊಂದು ಸಲ ಕಣ್ಣು ಮುಚ್ಚಿ ಕೇಳಿ. ಸಂಗೀತ ಹೋದ ಮೇಲೆ ಚಿತ್ರದಲ್ಲಿ ಏನು ಉಳಿಯಿತು, ದನಿ ಎಲ್ಲೆಲ್ಲಿ ಅರ್ಧಕ್ಕೆ ನಿಂತಿತು ಅನ್ನೋದು ಗೊತ್ತಾಗುತ್ತದೆ. ಕಾಲುವೆ ತುಂಬಿ ಹರಿಯುವ ಶಾಟ್ ಕಂಡರೆ ಯಾವ ತಾರೀಖು, ಎಷ್ಟನೇ ಮೈಲು, ಅಲ್ಲಿ ಗೇಜ್ (ನೀರಿನ ಮಟ್ಟ) ಎಷ್ಟಿತ್ತು ಅಂತ ಕಾಮೆಂಟಿನಲ್ಲೇ ಕೇಳಿ. ಮೇಲ್ಭಾಗದಲ್ಲಿ ತೆಗೆದು ಕೊನೆಭಾಗದ ಮಾತಿಗೆ ಅಂಟಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಚಿತ್ರ ಮಾಡುವ ಗೆಳೆಯರಲ್ಲಿ ಕೇಳುವುದಿಷ್ಟು. ಪ್ರತಿ ಶಾಟಿನ ಮೇಲೆ ಊರು, ತಿಂಗಳು, ವರ್ಷ ಹಾಕಿ. ಮಾತು ಕತ್ತರಿಸಿದ ಕಡೆ ಮುಖ ಜಿಗಿದರೆ ಜಿಗಿಯಲಿ, ಎಮ್ಮೆ ತಂದು ಮುಚ್ಚಬೇಡಿ. ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲಿರುವ ಪೂರ್ತಿ ಸಂದರ್ಶನವನ್ನು ಎರಡು ಹಾರ್ಡ್ ಡಿಸ್ಕಿನಲ್ಲಿಡಿ, ಯಾರು ಕೇಳಿದರೂ ತೋರಿಸಿ. ಫೈನಲ್ ಮಾಡುವ ಮೊದಲು ಮಾನ್ವಿಯ ಆ ಹೆಣ್ಣುಮಗಳ ಊರಿಗೆ ಹೋಗಿ, ಕಟ್ಟೆ ಮೇಲೆ ಕೂತು, ಆಕೆಯ ಭಾಗವನ್ನು ಮೊಬೈಲಿನಲ್ಲಾದರೂ ಸರಿ, ಆಕೆಗೇ ಮೊದಲು ತೋರಿಸಿ. “ಆದ್ರ ಅಂದಿದ್ನೆಲ್ರಿ, ಅದೆಲ್ಲಿ ಹೋತು?” ಅಂತ ಆಕೆ ಕೇಳಿದರೆ ಎಡಿಟಿಂಗ್ ಟೈಮ್‌ಲೈನ್ ತೆರೆದು ಅದನ್ನು ಇದ್ದ ಜಾಗಕ್ಕೆ ವಾಪಸ್ ಇಡಿ.