ಹೊಟ್ಟೆಗೊಂದು ಅಚ್ಚು, ಗೋಡೆಗೊಂದು ಮೊಳೆ

ಬಸುರಿ ಹೊಟ್ಟೆಗೆ ಯಾರ ಕಣ್ಣೂ ಬೀಳದಿರಲಿ ಅಂತ ಸೆರಗು ಹೊದಿಸಿ ಕೂರಿಸುತ್ತಿದ್ದ ಕಾಲ ಹೋಯಿತು. ಈಗ ಅದೇ ಹೊಟ್ಟೆಯ ಅಚ್ಚು ತೆಗೆದು, ಬಣ್ಣ ಬಳಿದು, ಹಾಲ್‌ನಲ್ಲಿ ಟೀವಿ ಪಕ್ಕ ನೇತುಹಾಕಬೇಕಂತೆ. ಬೆಲ್ಲಿ ಕಾಸ್ಟಿಂಗ್ ಅಂತಾರೆ. ಅಮೆರಿಕ, ಇಂಗ್ಲೆಂಡಿನವರ ಹುಚ್ಚು, ಈಗ ನಮ್ಮ ಅಪಾರ್ಟ್‌ಮೆಂಟಿಗೂ ಪಾರ್ಸೆಲ್ ಆಗಿದೆ. ಕಿಟ್ ಬಿಚ್ಚಿದರೆ ಒಳಗಿರುವುದು ಕೈಕಾಲು ಮುರಿದವರಿಗೆ ಸುತ್ತುವಂಥದ್ದೇ ಪ್ಲಾಸ್ಟರ್ ಬ್ಯಾಂಡೇಜು. ಮೆಡಿಕಲ್ ಸ್ಟೋರಿನಲ್ಲೂ ಸಿಗುತ್ತದೆ, ಆದರೆ ಗುಲಾಬಿ ರಿಬ್ಬನ್ ಕಟ್ಟಿರಲ್ಲ.

ಮುಹೂರ್ತ ಮೂವತ್ತೈದನೇ ವಾರದ ಆಸುಪಾಸು. ಅಂದರೆ ಕೂರೋಕೂ ಆಗದ, ನಿಲ್ಲೋಕೂ ಆಗದ, ಗಳಿಗೆಗೊಮ್ಮೆ ಬಚ್ಚಲಿಗೆ ಓಡುವ ಹೊತ್ತು. ಆಗಲೇ ಅವಳನ್ನು ಕುರ್ಚಿಯಲ್ಲಿ ಕೂರಿಸಿ "ಅರ್ಧ ಗಂಟೆ ಅಲ್ಲಾಡಬೇಡ" ಅನ್ನಬೇಕು. ಅಂಗಾತ ಮಲಗಿಸುವ ಹಾಗೂ ಇಲ್ಲ. ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತಬಹುದು.

ಶಿಲ್ಪಿ ಯಾರು? ಗಂಡ. ಯೂಟ್ಯೂಬ್ ವಿದ್ಯಾಲಯದ ಪದವೀಧರ. ಎದೆಯಿಂದ ಕಿಬ್ಬೊಟ್ಟೆವರೆಗೆ ವ್ಯಾಸಲಿನ್ ಮೆತ್ತುತ್ತಾನೆ. ಬೆರಳಗಲ ಜಾಗ ಬಿಟ್ಟರೂ ಕೀಳುವಾಗ ರೋಮವೂ ಜೊತೆಗೆ ಬರುತ್ತದೆ, ವ್ಯಾಕ್ಸಿಂಗ್ ಫ್ರೀ. ಬ್ಯಾಂಡೇಜ್ ಪಟ್ಟಿಗಳನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಹಿಂಡಿ, ಪದರದ ಮೇಲೆ ಪದರ ಅಂಟಿಸುತ್ತಾನೆ. ಇನ್ನೇನು ಗಟ್ಟಿಯಾಯಿತು ಅನ್ನುವಾಗ ಒಳಗಿನ ಕೂಸು ಒದೆಯುತ್ತದೆ. ಅಚ್ಚಿನಲ್ಲಿ ಬಿರುಕು. "ಅಲ್ಲಾಡಬೇಡ ಅಂದೆನಲ್ಲ!" ಅಂತ ಆತ ಬೈಯುವುದು ಯಾರಿಗೆ, ಗೊತ್ತಿಲ್ಲ. ಉಳಿದ ನೀರನ್ನು ಸಿಂಕಿಗೆ ಸುರಿದು ಬಿಡುತ್ತಾನೆ. ಪೈಪಿನೊಳಗೂ ಒಂದು ಅಚ್ಚು ತಯಾರಾಗುತ್ತದೆ. ಅದರ ಹೆರಿಗೆ ಪ್ಲಂಬರ್ ಕೈಯಲ್ಲಿ.

ಇನ್ನು ಕೆಲವು ಜಾಣರು ಬ್ಯಾಂಡೇಜ್ ಯಾಕೆ, ಹಾರ್ಡ್‌ವೇರ್ ಅಂಗಡಿಯ ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿ ಸಾಕಲ್ವಾ ಅಂತ ಯೋಚಿಸುತ್ತಾರೆ. ಬೇಡಪ್ಪಾ. ಅದು ನೀರು ಕುಡಿದು ಗಟ್ಟಿಯಾಗುವಾಗ ಸುಡುವಷ್ಟು ಬಿಸಿಯಾಗುತ್ತದೆ. 2007ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ ಶಾಲಾ ಹುಡುಗಿಯೊಬ್ಬಳು ಕೈಯ ಅಚ್ಚು ತೆಗೆಯಲು ಪಿಒಪಿ ಬಕೆಟ್ಟಿಗೆ ಕೈ ಹಾಕಿ, ಬೆರಳುಗಳನ್ನೇ ಕಳೆದುಕೊಂಡಳು. ಈ ಒಂದು ವಿಷಯದಲ್ಲಿ ನನಗೆ ತಮಾಷೆ ಬರಲ್ಲ.

ನಮ್ಮ ಮಾಲಿನ್ಯ ನಿಯಂತ್ರಣ ಮಂಡಳಿಯವರು ಹಬ್ಬ ಬಂತೆಂದರೆ ಪಿಒಪಿ ಗಣೇಶ ಬೇಡ, ಮಣ್ಣಿನ ಗಣೇಶ ತನ್ನಿ ಅಂತ ಗಂಟಲು ಹರಿದುಕೊಳ್ಳುತ್ತಾರೆ. ಪಿಒಪಿ ಕೆರೆಯಲ್ಲಿ ಸುಲಭಕ್ಕೆ ಕರಗಲ್ಲ, ನಿಜ. ಬ್ಯಾಂಡೇಜಿಗೆ ಮೆತ್ತಿರುವುದೂ ಅದೇ ಪಿಒಪಿ. ಅಂತೂ ಗಣಪನ ಡೊಳ್ಳು ಹೊಟ್ಟೆಗೆ ನೋಟಿಸು, ಸೊಸೆಯ ಹೊಟ್ಟೆಗೆ ಲೈಕು.

ಅಚ್ಚಿಗೆ ಆಮೇಲೆ ಭಾರಿ ಉಪಚಾರ. ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಿ, ಮಂಡಲ ಬಿಡಿಸಿ, ಒಳಗೊಂದು ಎಲ್‌ಇಡಿ ದೀಪ. ಅಷ್ಟರಲ್ಲಿ ಅಚ್ಚಿನ ಒಡತಿ ಸೋಫಾದ ಮೂಲೆಯಲ್ಲಿ ಊದಿದ ಪಾದ ನೋಡುತ್ತಾ ಕೂತಿರುತ್ತಾಳೆ. ಕಾಲು ಒತ್ತುವ ಕಿಟ್ ಇನ್ನೂ ಬಂದಿಲ್ಲ. ಸಂಜೆಯ ಕಬ್ಬಿಣದ ಮಾತ್ರೆ ಯಾರಿಗೂ ನೆನಪಿಲ್ಲ, ಫೋಟೋಗೆ ಹ್ಯಾಷ್‌ಟ್ಯಾಗ್ ಮಾತ್ರ ನೆನಪಿದೆ.

ಮಗು ಹುಟ್ಟಿ, ತೆವಳಿ, ನಡೆದು, ಗೋಡೆಯ ಮೇಲಿನ ಆ ಚಿಪ್ಪಿಗೆ ಚೆಂಡು ಎಸೆಯುವಷ್ಟು ದೊಡ್ಡದಾಗುತ್ತದೆ. ಚಿಪ್ಪು ಸಜ್ಜಾ ಸೇರುತ್ತದೆ. ಮನೆ ಬದಲಿಸುವ ದಿನ ಅತ್ತೆ ಅದನ್ನು ಬೆಳಿಗ್ಗೆಯ ಕಸದ ಆಟೋಗೆ ಒಯ್ಯುತ್ತಾರೆ.

"ಏನಮ್ಮಾ ಇದು? ಹಸಿ ಕಸಾನಾ, ಒಣ ಕಸಾನಾ?"

"ನಮ್ಮ ಸೊಸೆ ಹೊಟ್ಟೆ ಕಣಪ್ಪಾ. ನೀನೇ ನೋಡಿ ಹಾಕ್ಕೋ."