ಕೋಟೆಯ ಮೇಲೊಂದು ಬನಿಯನ್

ಬಹಮನಿ ಸುಲ್ತಾನರ ಕೋಟೆಯ ಬುರುಜಿನ ಮೇಲೆ ನನ್ನ ಬನಿಯನ್ ಒಣಗುತ್ತಿದೆ. ಅದೂ ಕಂಕುಳಲ್ಲಿ ತೂತು ಬಿದ್ದದ್ದು. ಮಧ್ಯಾಹ್ನ ರೆಕಾರ್ಡ್ ಮಾಡಿದ ಪಾಠಕ್ಕೆ ನಿನ್ನೆ ರಾತ್ರಿ ಕಂಪ್ಯೂಟರಿನಲ್ಲಿ ಕೋಟೆಯ ಫೋಟೊ ಕೂಡಿಸಿದಾಗ ಕಂಡದ್ದು ಇದು. ಹದಿನಾಲ್ಕು ನಿಮಿಷದ ಪಾಠ, ಪೂರಾ ನೀರುಪಾಲು.

ರಜೆಯಲ್ಲಿ ಶಾಲೆಯ ಹುಡುಗರಿಗೆ ಕಲಬುರಗಿಯ ಇತಿಹಾಸದ ವಿಡಿಯೊ ಮಾಡಬೇಕು ಅಂತ ನನಗೆ ಹುಕಿ ಬಂತು. "ಕೋಟಿ ಇಲ್ಲೇ ಅದಲಾ, ಹೋಗಿ ಅದರ ಮುಂದ ನಿಂದ್ರು" ಅಂದಳು ಅವ್ವ. ಮಾತೇನೋ ಖರೆ. ಆದರೆ ಮೇ ತಿಂಗಳು, ಹೊರಗೆ 42 ಡಿಗ್ರಿ. ಕೋಟೆಯ ಬಾರಾ ಗಜಿ ತೋಪು ಅನ್ನುವ ಫಿರಂಗಿಯ ಪಕ್ಕ ನಿಂತು ಪಾಠ ಹೇಳಿದರೆ ತೋಪು ಉಳಿಯುತ್ತದೆ, ಮಾಸ್ತರ ಉಳಿಯುವುದಿಲ್ಲ. ಅದಕ್ಕೇ ಕೋಟೆಯನ್ನೇ ಮನೆಗೆ ತರುವ ಯೋಜನೆ ಹಾಕಿದೆ: ಹಿಂದೆ ಹಸಿರು ಪರದೆ, ಮುಂದೆ ನಾನು.

ಬಟ್ಟೆ ಅಂಗಡಿಯಲ್ಲಿ ನಾಲ್ಕು ಮೀಟರ್ ಗಿಳಿ ಹಸಿರು ಕೇಳಿದೆ. ಅಂಗಡಿಯವನ ಮುಖ ಅರಳಿತು. "ಕುಬಸದ್ದೇನ್ರಿ ಸರ್? ಎಷ್ಟು ತಿಂಗಳ್ರಿ?" ಪಕ್ಕದಲ್ಲಿದ್ದ ನನ್ನ ಹೆಂಡತಿಗೆ ವಯಸ್ಸು 49. ಅವಳು ಆಗಲೇ ಹೊರಗೆ ಹೋಗಿ ನಿಂತಳು. ನಾನು ಅವನಿಗೆ ವಿಜ್ಞಾನ ಹೇಳಲು ಹೊರಟೆ. ಮೊಬೈಲ್ ಕ್ಯಾಮೆರಾದ ಸೆನ್ಸರಿನಲ್ಲಿ ಬೆಳಕು ಹಿಡಿಯುವ ನಾಲ್ಕು ಚುಕ್ಕೆಗಳಲ್ಲಿ ಎರಡು ಹಸಿರಿಗೆ ಮೀಸಲು, ಕೆಂಪಿಗೂ ನೀಲಿಗೂ ಒಂದೊಂದೇ. ನಮ್ಮ ಮೈಬಣ್ಣದಲ್ಲಿ ಆ ಹಸಿರು ಇಲ್ಲ. ಹೀಗಾಗಿ ಹಸಿರನ್ನಷ್ಟೇ ಅಳಿಸು ಅಂದರೆ ಸಾಫ್ಟ್‌ವೇರು ಅಳಿಸುತ್ತದೆ, ಮನುಷ್ಯ ಉಳಿಯುತ್ತಾನೆ, ಹಸಿರಿದ್ದ ಜಾಗದಲ್ಲಿ ಕೋಟೆಯ ಫೋಟೊ ಕೂರುತ್ತದೆ. ಮಿಂಚುವ ಬಟ್ಟೆ ಮಾತ್ರ ಬೇಡ, ಬೆಳಕು ಬಿದ್ದಲ್ಲೆಲ್ಲ ಬಿಳಿ ಹೊಡೆಯುತ್ತದೆ. ಎಲ್ಲ ಕೇಳಿ ಅವನು ತಣ್ಣಗೆ, "ಕುಬಸಕ್ಕ ಮಿಂಚಲಾರದ್ದು ಯಾರೂ ಒಯ್ಯಂಗಿಲ್ರಿ" ಅಂದ.

ಮುಕ್ಕಾಲು ಇಂಚಿನ ಪಿವಿಸಿ ಪೈಪು, ನಾಲ್ಕು ಎಲ್ಬೋ, ಎರಡು ಟೀ. ಬಟ್ಟೆಯೂ ಸೇರಿ ಸಾವಿರದೊಳಗೇ ಚೌಕಟ್ಟು ನಿಂತಿತು. ಸುಕ್ಕಿದ್ದರೆ ಅದರ ನೆರಳೂ ವಿಡಿಯೊದಲ್ಲಿ ಉಳಿಯುತ್ತದೆ ಅಂತ ಎರಡೆರಡು ಸಲ ಇಸ್ತ್ರಿ ಹೊಡೆದೆ. ಪರದೆಯಿಂದ ಐದಾರು ಅಡಿ ಮುಂದೆ ನಿಲ್ಲಬೇಕು, ಇಲ್ಲವಾದರೆ ಹಸಿರು ಬೆಳಕು ಮೈಮೇಲೆ ಬೀಳುತ್ತದೆ. ನಮ್ಮ ಖೋಲಿಯಲ್ಲಿ ಮಂಚ ಬಿಟ್ಟು ಉಳಿಯುವುದೇ ಐದಡಿ. ಮೊದಲ ದಿನ ನನ್ನ ಬೋಳುತಲೆಗೆ ಪಾಚಿ ಕಟ್ಟಿದಂತೆ ಬಂತು.

ಫ್ಯಾನಿನದು ಬೇರೆಯೇ ಕಥೆ. ಹಾಕಿದರೆ ಪರದೆ ಅಲುಗಾಡಿ ಸುಕ್ಕಿನ ಪಟ್ಟೆಗಳು ಕೋಟೆಯ ಮೇಲೆ ಹಾವಿನಂತೆ ಹರಿಯುತ್ತವೆ. ಆರಿಸಿದರೆ ಎರಡು ನಿಮಿಷಕ್ಕೇ ಅಂಗಿ ಹಿಂಡುವ ಸ್ಥಿತಿ. ಕಡೆಗೆ ಫ್ಯಾನು ಹಾಕಿ, ಪರದೆಯ ಅಂಚಿಗೆ ಸಾಲಾಗಿ ಬಟ್ಟೆ ಒಣಗಿಸುವ ಕ್ಲಿಪ್ಪು ಹಚ್ಚಿದೆ. ಎಡವಟ್ಟಾದದ್ದು ಇಲ್ಲಿ.

ಅವ್ವನ ಕಣ್ಣಿಗೆ ಅಡ್ಡಡ್ಡ ಇರುವುದೆಲ್ಲ ಹಗ್ಗವೇ. ಬಾಗಿಲು, ಕುರ್ಚಿಯ ಬೆನ್ನು, ಮೊಮ್ಮಗಳ ಸೈಕಲ್ಲಿನ ಹ್ಯಾಂಡಲ್ಲು, ಒಮ್ಮೆ ಬಂದು ಕೂತಿದ್ದ ಬೀಗರ ಊರುಗೋಲು ಕೂಡ. ಅಂಥವಳ ಮುಂದೆ ಹೊಸ ಪೈಪು, ಅದಕ್ಕೆ ಕ್ಲಿಪ್ಪು, ಮೇಲೆ ಫ್ಯಾನು! ನಾನು ಪರದೆಗೆ ಬೆನ್ನು ಕೊಟ್ಟು, ಮೊಬೈಲಿನ ಹಿಂದಿನ ಕ್ಯಾಮೆರಾ ನೋಡುತ್ತ ಮಾತಾಡುತ್ತಿದ್ದೆ. ಬೆನ್ನ ಹಿಂದೆ ಏನು ನಡೆದಿದೆ ಅನ್ನುವುದು ಗೊತ್ತಾಗುವುದಾದರೂ ಹೇಗೆ?

ನಾನು "1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಾ" ಅನ್ನುವಾಗ ಬಲಗಡೆಯಿಂದ ಬಳೆ ತೊಟ್ಟ ಕೈಯೊಂದು ಬಂದು ಬನಿಯನ್ ಹಾಕಿ ಹೋಗುತ್ತದೆ. ತೋಪಿನ ಉದ್ದ 29 ಅಡಿ ಅನ್ನುವಾಗ ಟವೆಲ್. ರಾಜಧಾನಿ ಬೀದರಿಗೆ ಹೋಗುವ ಹೊತ್ತಿಗೆ ಮೊಮ್ಮಗಳ ಫ್ರಾಕು, ಎರಡು ದಿಂಬಿನ ಕವರು. ಒಂದು ಕ್ಲಿಪ್ಪು ಕಡಿಮೆ ಬಿತ್ತೋ ಏನೋ, ಪರದೆಯದ್ದನ್ನೇ ಕಿತ್ತು ದಿಂಬಿನ ಕವರಿಗೆ ಹಚ್ಚಿದ್ದಾಳೆ. ಸದ್ದು ಮಾಡಿಲ್ಲ ಅನ್ನಿ. ಮಗ ಪಾಠ ಹೇಳುತ್ತಿದ್ದಾನೆ ಅನ್ನುವ ಮರ್ಯಾದೆ ಅದು.

ರಾತ್ರಿ ರೇಗಿದೆ. "ಪೈಪ್ ಅದ, ಕ್ಲಿಪ್ ಅದ, ಫ್ಯಾನ್ ತಿರಗ್ಲತ್ತದ. ಬಟ್ಟಿ ಹಾಕಲಾರದ ಪೂಜಿ ಮಾಡ್ಲೇನು?" ಅಂದಳು. ವಿಡಿಯೊ ತೋರಿಸಿದೆ. ಬನಿಯನ್ ಅವಳ ಕಣ್ಣಿಗೇ ಬೀಳಲಿಲ್ಲ. ಕನ್ನಡಕ ಸರಿಪಡಿಸಿಕೊಂಡು ಸುಮಾರು ಹೊತ್ತು ನೋಡಿ, "ಕೋಟಿ ಒಳಗ ಹಿಂಗ ಅದೇನು?" ಅಂತ ಕೇಳಿದಳು.

ಮದುವೆಯಾಗಿ ಈ ಊರಿಗೆ ಬಂದು 52 ವರ್ಷ. ಟಾಂಗಾದಿಂದಲೋ ಆಟೋದಿಂದಲೋ ಹೊರಗಿನ ಗೋಡೆ ನೋಡಿದ್ದೇ ಹೊರತು ಒಳಗೆ ಕಾಲಿಟ್ಟಿಲ್ಲ. ಆಗ ಪುರುಸೊತ್ತು ಇರಲಿಲ್ಲ, ಈಗ ಮೊಣಕಾಲಿಲ್ಲ. ಇಷ್ಟು ವರ್ಷ ಇತಿಹಾಸದ ಮಾಸ್ತರನಾಗಿ ವರ್ಷಕ್ಕೊಂದು ಸಲ ಊರ ಮಕ್ಕಳನ್ನೆಲ್ಲ ಕೋಟೆಗೆ ಕರೆದೊಯ್ದವನು ನಾನು. ಒಳಗಿರುವ 1367ರ ಜಾಮಿ ಮಸೀದಿಗೆ ತೆರೆದ ಅಂಗಳವೇ ಇಲ್ಲ, ಪೂರಾ ಮೇಲೆ ಮಾಡು ಅಂತ ಹೇಳಿದೆ. "ಹಂಗಾದ್ರ ಬಿಸಲಿನ ತ್ರಾಸ ಇಲ್ಲ ಬಿಡು" ಅಂದಳು. ಆಮೇಲೆ ಸಣ್ಣ ದನಿಯಲ್ಲಿ, "ನನ್ನೂ ಒಂದ್ ಸಲ ಅಲ್ಲಿ ನಿಂದ್ರಸಪಾ."

ಆಗಲೇ ಸ್ಟೂಲ್ ಹಾಕಿ ಕೂರಿಸಿದೆ. ಸೆರಗು ತಲೆಗೆ ಹೊದ್ದು ಗಂಭೀರವಾಗಿ ಕೂತಳು. ಕಂಪ್ಯೂಟರಿಗೆ ಹಾಕಿದರೆ ಕೋಟೆಯ ಮುಂದೆ ಒಂದು ಮುಖ, ಎರಡು ಕೈ. ಉಟ್ಟಿದ್ದು ಹಸಿರು ಸೀರೆ! "ಮೈ ಎಲ್ಲಿ ಹೋತೋ ನಂದು?" ಅಂತ ನಕ್ಕಳು, ಕೆಮ್ಮು ಬರುವಷ್ಟು ನಕ್ಕಳು. ನಾಳೆ ಕೆಂಪು ಸೀರೆ ಉಡಬೇಕು ಅಂತ ಮಾತಾಯಿತು.

ಇವತ್ತು ಬೆಳಗ್ಗೆ ಎದ್ದರೆ ಅವ್ವ ಕೆಂಪು ಸೀರೆಯಲ್ಲಿ ತಯಾರು. ಚೌಕಟ್ಟಿನಲ್ಲಿ ಪರದೆ ಇಲ್ಲ. ಹೆಂಡತಿ ಬೆರಳೆತ್ತಿ ಮಾಳಿಗೆ ತೋರಿಸಿದಳು. ಓಡಿ ಹತ್ತಿ ನೋಡಿದೆ: ನನ್ನ ನಾಲ್ಕು ಮೀಟರ್ ಹಸಿರಿನ ಮೇಲೆ ಸಾಲುಸಾಲಾಗಿ ಸಾಬುದಾಣಿ ಸಂಡಿಗೆ.

"ಎಷ್ಟು ಛಲೋ ಇಸ್ತ್ರಿ ಮಾಡೀದಿ, ಒಂದ್ ಸುಕ್ಕಿಲ್ಲ" ಅಂದಳು ಕೆಳಗಿನಿಂದ.

"ಅವ್ವಾ, ಬಿಳಿ ಕಲಿ ಉಳೀತಾವ, ಕೋಟಿ ಮ್ಯಾಲ ಕಾಣ್ತಾವ!"

"ಯಾರರ ಕೇಳಿದ್ರ ಮೋಡ ಅನ್ನು."

ಮೇ ತಿಂಗಳ ಕಲಬುರಗಿ. ಸಾಲಿಗೆ ಎಂಟರಂತೆ ಮೋಡ.